ಅಟ್ಟದ ಬಿಸಿ, ಗೋಡೆಯ ತೇವ ಮತ್ತು ಬಿತ್ತನೆ ಕಾಳು

ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ರೈತರ ಮನೆಗಳಲ್ಲಿ ಅಟ್ಟವೆಂದರೆ ಹಳೆಯ ಸಾಮಾನು ಎಸೆಯುವ ಜಾಗ ಮಾತ್ರವಲ್ಲ. ಬಿತ್ತನೆಗೆಂದು ತೆಗೆದಿಟ್ಟ ಭತ್ತ, ರಾಗಿ, ಜೋಳ, ತೊಗರಿ, ಬಟ್ಟೆಯಲ್ಲಿ ಕಟ್ಟಿದ ತರಕಾರಿ ಬೀಜದ ಗಂಟು, ಬೆಲೆ ಏರಲೆಂದು ತಡೆದಿಟ್ಟ ಮೆಕ್ಕೆಜೋಳದ ಚೀಲ, ಎಲ್ಲವೂ ಅಲ್ಲಿಯೇ ಇರುತ್ತವೆ. ದಾವಣಗೆರೆ ನಗರದ ಹಳೆಯ ಕೇರಿಗಳಲ್ಲಿಯೂ ಊರಿನಿಂದ ಬಂದ ವರ್ಷದ ಅಕ್ಕಿ, ಜೋಳ ಅಟ್ಟವನ್ನೇ ಏರುತ್ತವೆ. ಇಂಥ ಅಟ್ಟಗಳ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಬೇಸಿಗೆಯಲ್ಲಿ ತಲೆ ಇಡಲಾಗದಷ್ಟು ಬಿಸಿ. ಮಳೆಗಾಲದಲ್ಲಿ ಮುಗ್ಗು ವಾಸನೆ, ಗೋಡೆಯ ಮೇಲೆ ಬೂಷ್ಟು. ಹಿರಿಯರ ಕಾಲದಲ್ಲಿ ಹೀಗಿರಲಿಲ್ಲವೆಂಬ ಮಾತೂ ಜೊತೆಗೆ ಬರುತ್ತದೆ. ಆ ಮಾತಿನಲ್ಲಿ ಸತ್ಯವಿದೆ. ಅಟ್ಟದ ಹೆಸರು ಹಾಗೆಯೇ ಉಳಿದಿದೆ, ಅದರ ಸುತ್ತಲಿನ ಮನೆ ಬದಲಾಗಿದೆ.

ಬಿಸಿಯನ್ನು ತಡೆಯಲು ಹಲವರು ನೇರವಾಗಿ ಥರ್ಮೋಕೋಲ್ ಹಲಗೆ ತಂದು ಬಡಿಯುತ್ತಾರೆ. ತೇವ ಕಂಡರೆ ಸಿಮೆಂಟ್ ಗಿಲಾವು ಬಳಿಯುತ್ತಾರೆ. ಎರಡರಲ್ಲಿಯೂ ಹಣ ಖರ್ಚಾಗಿ ತೊಂದರೆ ಉಳಿಯುವುದೇ ಹೆಚ್ಚು. ಬಿಸಿ ಮತ್ತು ತೇವ ಬೇರೆ ಬೇರೆ ರೋಗಗಳಲ್ಲ. ಮೊದಲು ತೇವದ ದಾರಿ ಕಟ್ಟಿ, ಆಮೇಲೆ ಬಿಸಿಯ ದಾರಿ ಕಟ್ಟಬೇಕು. ಈ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಏಕೆಂಬುದನ್ನು ಮುಂದೆ ವಿವರಿಸಿದೆ.

ಹಿಂದಿನ ಅಟ್ಟ ಒಣಗಿದ್ದುದು ಹೇಗೆ?

ಈ ಭಾಗದ ಹಳೆಯ ಮನೆಗಳಲ್ಲಿ ಮಾಳಿಗೆ ಮನೆ ಮತ್ತು ಹೆಂಚಿನ ಮನೆ ಎಂಬ ಎರಡು ಬಗೆ. ಮಾಳಿಗೆಯಲ್ಲಿ ತೊಲೆ, ಜಂತಿಗಳ ಮೇಲೆ ದಪ್ಪನಾದ ಮಣ್ಣು. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಕರಲು ಮಣ್ಣು ಹಾಕಿ ಬಡಿಯುತ್ತಿದ್ದರು. ಮಂಗಳೂರು ಹೆಂಚು, 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ, ಕ್ರಮೇಣ ಒಳನಾಡಿಗೂ ಬಂದಿತು. ಹೆಂಚುಗಳ ಸಂದಿಯಲ್ಲಿ ಗಾಳಿಯಾಡುತ್ತದೆ. ಗೋಡೆಗಳು ಮಣ್ಣಿನವು, ಇಲ್ಲವೆ ಸುಣ್ಣದ ಗಾರೆಯವು. ಇವು ಮಳೆಗಾಲದಲ್ಲಿ ಸ್ವಲ್ಪ ತೇವ ಹೀರಿ, ಬಿಸಿಲು ಬಂದೊಡನೆ ಅದನ್ನು ಹೊರಕ್ಕೆ ಬಿಡುತ್ತಿದ್ದವು.

ಇವೆಲ್ಲಕ್ಕಿಂತ ದೊಡ್ಡ ಸಹಾಯ ಸೌದೆ ಒಲೆಯದು. ಅಡಿಗೆಮನೆಯ ಮೇಲೆಯೇ ಅಟ್ಟವಿರುತ್ತಿತ್ತು. ದಿನಕ್ಕೆ ಎರಡು ಹೊತ್ತು ಏರುವ ಬಿಸಿ ಹೊಗೆ ಅಟ್ಟವನ್ನು ಒಣಗಿಸುತ್ತಿತ್ತು, ಹುಳುವನ್ನು ದೂರವಿಡುತ್ತಿತ್ತು. ಬೀಜದ ತೆನೆಗಳನ್ನು ಒಲೆಯ ಮೇಲ್ಭಾಗದಲ್ಲಿ ನೇತುಹಾಕುತ್ತಿದ್ದುದು ಇದಕ್ಕಾಗಿಯೇ. ಆ ಹೊಗೆ ಮನೆಯ ಹೆಣ್ಣುಮಕ್ಕಳ ಕಣ್ಣನ್ನೂ ಶ್ವಾಸಕೋಶವನ್ನೂ ಹಾಳುಮಾಡಿತೆಂಬುದನ್ನು ಮರೆಯಬಾರದು. ಅನಿಲದ ಒಲೆ ಬಂದುದು ಒಳ್ಳೆಯದೇ ಆಯಿತು. ಹಿಂದಕ್ಕೆ ಹೋಗುವ ಮಾತೇ ಇಲ್ಲ. ಆದರೆ ಒಲೆಯ ಜೊತೆಗೆ ಅಟ್ಟದ ಒಣಗಿಸುವ ಯಂತ್ರವೂ ಹೋಯಿತು. ಅದರ ಕೆಲಸವನ್ನು ಈಗ ಬೇರೆ ಯಾವುದಾದರೂ ಮಾಡಬೇಕು.

ಅನಿಲದ ಒಲೆಯಿಂದ ಹೊಗೆ ಬರುವುದಿಲ್ಲವಾದರೂ ನೀರು ಬರುತ್ತದೆ. 1 ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವುದರೊಳಗೆ ಸುಮಾರು 22 ಲೀಟರ್ ನೀರು ಆವಿಯಾಗಿ ಅಡಿಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ ಬೇಯುವಾಗಿನ ಆವಿ, ಬಚ್ಚಲಿನ ಬಿಸಿನೀರು, ಮಳೆಗಾಲದಲ್ಲಿ ಒಳಗೆ ಹರವಿದ ಒದ್ದೆ ಬಟ್ಟೆ, ಮಲಗಿದವರ ಉಸಿರು, ಇವು ಬೇರೆ. ಬಿಸಿ ಗಾಳಿ ಮೇಲಕ್ಕೇರುತ್ತದೆ. ಸೂರಿನಲ್ಲಿ ಕಿಂಡಿಯಿಲ್ಲದ ಮನೆಯಲ್ಲಿ ಅದು ಹೋಗಿ ನಿಲ್ಲುವುದು ಅಟ್ಟದಲ್ಲಿ.

ಬೆಳೆಯೂ ಬದಲಾಯಿತು. ಜೋಳ ಹೊಲದಲ್ಲಿಯೇ ಚೆನ್ನಾಗಿ ಒಣಗಿ ಮನೆಗೆ ಬರುತ್ತಿತ್ತು, ಹಗೇವಿನಲ್ಲಿಯೂ ಉಳಿಯುತ್ತಿತ್ತು. ಈಗ ಜಿಲ್ಲೆಯ ಮುಖ್ಯ ಮಳೆಯಾಶ್ರಿತ ಬೆಳೆ ಮೆಕ್ಕೆಜೋಳ. ಜೂನಿನಲ್ಲಿ ಬಿತ್ತಿದ್ದು ಅಕ್ಟೋಬರ್, ನವೆಂಬರಿನಲ್ಲಿ ಕೊಯ್ಲಿಗೆ ಬರುವಾಗ ಹಿಂಗಾರು ಮಳೆ, ವಾಯುಭಾರ ಕುಸಿತದ ಮೋಡ ತಪ್ಪದು. ತೆನೆ ಮುರಿಯುವಾಗ ಕಾಳಿನಲ್ಲಿ ನೂರಕ್ಕೆ 20ರಿಂದ 25 ಪಾಲು ತೇವವಿರುತ್ತದೆ. ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಹರವಿ ಎರಡು ದಿನ ಒಣಗಿಸಿದ ಕಾಳು ಕೈಗೆ ಗಟ್ಟಿಯಾಗಿ ತೋರಿದರೂ ಒಳಗೆ 17, 18 ಪಾಲು ತೇವ ಉಳಿದಿರುವುದು ಸಾಮಾನ್ಯ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ನೂರಕ್ಕೆ 18 ಪಾಲು ತೇವವಿರುವ 1 ಕ್ವಿಂಟಾಲ್ ಮೆಕ್ಕೆಜೋಳ 12 ಪಾಲಿಗೆ ಇಳಿಯಬೇಕಾದರೆ ಸುಮಾರು 6.8 ಕಿಲೋ ನೀರನ್ನು ಬಿಡಬೇಕು. 10 ಕ್ವಿಂಟಾಲ್ ಅಟ್ಟಕ್ಕೇರಿಸಿದವರು, ತಮಗೆ ತಿಳಿಯದಂತೆ, 68 ಲೀಟರ್ ನೀರನ್ನೂ ಹೊತ್ತು ಏರಿಸಿದಂತಾಯಿತು. ಅಟ್ಟದ ಗೋಡೆ ಬೆವರಿದರೆ ಮಳೆಯನ್ನು ದೂರಿ ಫಲವಿಲ್ಲ. (10 ಕ್ವಿಂಟಾಲ್ ಎಂದರೆ ಒಂದು ಟನ್ ಭಾರವೂ ಹೌದು. ಗೆದ್ದಲು ಹಿಡಿದ ಹಳೆಯ ತೊಲೆಯ ಮೇಲೆ ಇಷ್ಟನ್ನು ಪೇರಿಸುವ ಮುನ್ನ ತೊಲೆಯ ತುದಿ ಗೋಡೆಯಲ್ಲಿ ಕೂತಿರುವ ಕಡೆ ಚುಚ್ಚಿ ನೋಡುವುದು ಲೇಸು. ತೇವದ ಗೋಡೆಯಲ್ಲಿ ತೊಲೆ ಮೊದಲು ಕೊಳೆಯುವುದು ಅಲ್ಲಿಯೇ.)

ಬೂಷ್ಟು ಹಿಡಿದರೆ ಏನಾಗುತ್ತದೆ?

ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ಕಾಳು ತೇವವನ್ನು ಹೀರುತ್ತದೆ ಇಲ್ಲವೆ ಬಿಡುತ್ತದೆ. ಗಾಳಿಯ ಆರ್ದ್ರತೆ ನೂರಕ್ಕೆ 70ರ ಸುಮಾರಿನಲ್ಲಿದ್ದರೆ ಮೆಕ್ಕೆಜೋಳ 13ರಿಂದ 14 ಪಾಲು ತೇವದಲ್ಲಿ ನಿಲ್ಲುತ್ತದೆ. ಆರ್ದ್ರತೆ 85ಕ್ಕೆ ಏರಿದರೆ ಚೆನ್ನಾಗಿ ಒಣಗಿದ್ದ ಕಾಳು ಕೂಡ ಮತ್ತೆ 17, 18ಕ್ಕೆ ಏರುತ್ತದೆ. ಅಲ್ಲಿಗೆ ಶಿಲೀಂಧ್ರಗಳಿಗೆ ಹಬ್ಬ. ಅವುಗಳಲ್ಲಿ ಹಳದಿ ಹಸಿರು ಬಣ್ಣದ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬುದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಇದು ಯಕೃತ್ತನ್ನು ಕೆಡಿಸುವ ವಿಷ.

1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿ ಜಿಲ್ಲೆಗಳಾದ ಬಾನ್ಸ್‌ವಾಡಾ, ಪಂಚಮಹಲ್‌ಗಳ ಹಳ್ಳಿಗಳಲ್ಲಿ ಅಕಾಲ ಮಳೆಗೆ ಸಿಕ್ಕಿ, ಸರಿಯಾಗಿ ಒಣಗದೆ ಮನೆಯಲ್ಲಿ ಶೇಖರಿಸಿದ್ದ ಮೆಕ್ಕೆಜೋಳ ತಿಂದು 397 ಜನ ಕಾಮಾಲೆಯಂಥ ಕಾಯಿಲೆಗೆ ಬಿದ್ದರು. 106 ಜನ ತೀರಿಕೊಂಡರು. ಆ ಮನೆಗಳವರು ತಿಂದುದು ತಮ್ಮದೇ ಹೊಲದ ಕಾಳನ್ನು. ಈ ವಿಷ ಕುದಿಸಿದರೆ, ರೊಟ್ಟಿ ಸುಟ್ಟರೆ ಹೋಗುವುದಿಲ್ಲ. ಬೂಷ್ಟು ಹಿಡಿದ ಕಾಳನ್ನು ದನಕ್ಕಾದರೂ ಹಾಕೋಣವೆಂಬ ರೂಢಿಯಿದೆ. ಹಾಲು ಕೊಡುವ ಹಸುವಿಗೆ ಹಾಕಿದರೆ ವಿಷದ ಒಂದಂಶ ರೂಪ ಬದಲಿಸಿ ಹಾಲಿನಲ್ಲಿ ಬರುತ್ತದೆ. ಆ ಹಾಲನ್ನು ಕುಡಿಯುವುದು ಮನೆಯ ಮಕ್ಕಳೇ. ಕೋಳಿಗಳಿಗಂತೂ ಇದು ಬಹಳ ಬೇಗ ತಾಗುತ್ತದೆ.

ಬಿತ್ತನೆ ಕಾಳಿಗೆ ತೇವದ ಜೊತೆಗೆ ಬಿಸಿಯೂ ಶತ್ರು. ಬೀಜ ಸಂಗ್ರಹಣೆಯಲ್ಲಿ ಹ್ಯಾರಿಂಗ್ಟನ್ ನಿಯಮವೆಂಬುದು ಪ್ರಸಿದ್ಧ. ಬೀಜದ ತೇವ ನೂರಕ್ಕೆ 1 ಪಾಲು ಇಳಿದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಇಮ್ಮಡಿಯಾಗುತ್ತದೆ. ತೇವ 5ರಿಂದ 14 ಪಾಲಿನೊಳಗಿರುವಾಗ ಈ ಲೆಕ್ಕ ಸುಮಾರಾಗಿ ಸರಿಹೋಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗಿನ ಅಟ್ಟ 45 ಡಿಗ್ರಿಗೆ ಕಾದಿದ್ದು, ಕೆಳಗಿನ ನಡುಮನೆ 30 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳಿ. ವ್ಯತ್ಯಾಸ 15 ಡಿಗ್ರಿ. ಅಂದರೆ ಅಂಥ ಬಿಸಿಯಲ್ಲಿ ಕಳೆಯುವ ಪ್ರತಿ ಗಂಟೆಯೂ ಬೀಜಕ್ಕೆ ನಡುಮನೆಯ 8 ಗಂಟೆಗಳಿಗೆ ಸಮ. ಜೂನಿನಲ್ಲಿ ಮೊಳಕೆ ಬಾರದೆ ಹೋದರೆ ಕಾರಣವನ್ನು ಏಪ್ರಿಲಿನ ಅಟ್ಟದಲ್ಲಿ ಹುಡುಕಬೇಕಾಗುತ್ತದೆ.

ತೇವದ ಮೂಲ ಪತ್ತೆಮಾಡುವ ಬಗೆ

ಗೋಡೆಗೆ ತೇವ ನಾಲ್ಕು ದಾರಿಗಳಿಂದ ಬರಬಹುದು: ಮೇಲಿನ ಮಳೆ, ಕೆಳಗಿನ ನೆಲ, ಒಳಗಿನ ಆವಿ, ಮತ್ತು ಶೇಖರಿಸಿದ ಕಾಳು. ಯಾವ ದಾರಿಯೆಂದು ತಿಳಿಯದೆ ಮದ್ದು ಮಾಡುವುದು ವ್ಯರ್ಥ.

ಇದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳಿಗೆ ಅಂಟುಪಟ್ಟಿ ಹಾಕಿ, ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ, ಅಂದರೆ ಕೋಣೆಯ ಕಡೆಗೆ, ಹನಿ ಕಟ್ಟಿದ್ದರೆ ಕೋಣೆಯ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಈ ಪರೀಕ್ಷೆಯನ್ನು ಗೋಡೆಯ ಬುಡದಲ್ಲಿ ಒಂದು, ಅಟ್ಟದ ಗೋಡೆಯಲ್ಲಿ ಒಂದು ಮಾಡಿ ಹೋಲಿಸಿದರೆ ಇನ್ನೂ ಚೆನ್ನು.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಬುಡದಿಂದ ಎರಡು ಮೂರು ಅಡಿಯವರೆಗೆ ಅಲೆಯಂತೆ ಏರಿ ನಿಂತ ಕಲೆ, ಅದರ ಮೇಲ್ಅಂಚಿನಲ್ಲಿ ಬಿಳಿಯ ಉಪ್ಪು, ಉದುರುವ ಗಿಲಾವು, ಇವು ನೆಲದ ತೇವದ ಲಕ್ಷಣಗಳು. ಭದ್ರಾ ನಾಲೆಯ ಅಚ್ಚುಕಟ್ಟಿನ ಊರುಗಳಲ್ಲಿ ಇದು ಹೆಚ್ಚು. ಲಕ್ಕವಳ್ಳಿಯ ಬಳಿಯ ಭದ್ರಾ ಜಲಾಶಯ 1960ರ ದಶಕದಲ್ಲಿ ಪೂರ್ಣಗೊಂಡು, ಹರಿಹರ, ಮಲೇಬೆನ್ನೂರು, ದಾವಣಗೆರೆ ಸುತ್ತಿನ ಬಯಲಿಗೆ ನೀರು ಬಂದ ಮೇಲೆ ಎರಡು ಬೆಳೆ ಭತ್ತ ಬಂದಿತು; ಗದ್ದೆಯಂಚಿನ ಮನೆಗಳ ಅಡಿಯಲ್ಲಿ ಅಂತರ್ಜಲವೂ ಮೇಲಕ್ಕೆ ಬಂದಿತು. ಹರಿಹರದ ನದಿ ದಂಡೆಯ ತಗ್ಗು ಪ್ರದೇಶದ ಮನೆಗಳಿಗೆ ಪ್ರವಾಹದ ನೀರಿನ ಕಾಟ ಬೇರೆ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ಅಂಥ ಮನೆಗಳ ಗೋಡೆಗಳು ನೆನೆದವು. ಒಮ್ಮೆ ಪೂರ್ತಿ ನೆನೆದ ದಪ್ಪ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಮೇಲ್ಮೈ ಒಣಗಿತೆಂದು ಕೂಡಲೇ ಬಣ್ಣ ಬಳಿದವರು ಮರುವರ್ಷ ಅದನ್ನು ಕೆರೆದು ತೆಗೆಯಬೇಕಾಗುತ್ತದೆ.

ಅಟ್ಟದ ತ್ರಿಕೋನದ ಗೋಡೆಯಲ್ಲಿ, ಹೆಂಚು ಗೋಡೆಗೆ ಕೂಡುವ ಜಾಗದಿಂದ ಇಳಿದುಬಂದ ಗೆರೆಗಳು ಮಳೆಯ ಲಕ್ಷಣ. ಮೂಲೆಗಳಲ್ಲಿ, ಚೀಲಗಳ ಹಿಂದೆ, ಗಾಳಿಯಾಡದ ಕಡೆ ಚುಕ್ಕೆ ಚುಕ್ಕೆಯಾಗಿ ಕರಿ ಬೂಷ್ಟು ಕಂಡರೆ ಅದು ಆವಿಯದು.

ಸಿಮೆಂಟಿನ ಗಿಲಾವಿನ ಬಗ್ಗೆ ಒಂದು ಮಾತು

ಕೈಯಲ್ಲಿ ನಾಲ್ಕು ಕಾಸು ಓಡಾಡಿದೊಡನೆ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಆಯಿಲ್ ಪೇಂಟ್ ಹೊಡೆಸುವುದು ಮನೆಯ ಅಂದವೆಂದು ಭಾವಿಸಲಾಗಿದೆ. ತೇವದ ನೆಲದ ಮೇಲೆ ನಿಂತ ಮಣ್ಣಿನ ಗೋಡೆಗೆ ಇದಕ್ಕಿಂತ ಕೆಟ್ಟ ಉಪಚಾರ ಇನ್ನೊಂದಿಲ್ಲ. ಬುಡದಿಂದ ಹೀರಿದ ನೀರು ಹಿಂದೆ ಒಂದೆರಡು ಅಡಿ ಎತ್ತರದಲ್ಲಿಯೇ ಗಾಳಿಗೆ ಆರಿಹೋಗುತ್ತಿತ್ತು. ಎರಡೂ ಮೈ ಮುಚ್ಚಿದ ಮೇಲೆ ಅದಕ್ಕೆ ಹೊರದಾರಿಯಿಲ್ಲದೆ ಮೇಲಕ್ಕೆ, ಇನ್ನೂ ಮೇಲಕ್ಕೆ ಏರುತ್ತದೆ. ನಾಲ್ಕಾರು ವರ್ಷಗಳಲ್ಲಿ ಗಿಲಾವು ಹಪ್ಪಳದಂತೆ ಉಬ್ಬಿ ಬೀಳುತ್ತದೆ. ಒಳಗಿನ ಮಣ್ಣು ಮೆತ್ತಗಾಗಿರುತ್ತದೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಅಥವಾ ಹೊಟ್ಟು ಕಲಸಿದ ಮಣ್ಣಿನ ಗಿಲಾವು ಮಾಡಿ ಸುಣ್ಣ ಬಳಿಯುವುದೇ ಯೋಗ್ಯ. ಈಗಾಗಲೇ ಸಿಮೆಂಟ್ ಬಳಿದಾಗಿದ್ದರೆ ಒಳಮೈಯ ಬುಡದ ಮೂರು ಅಡಿಯಷ್ಟನ್ನಾದರೂ ಕೆತ್ತಿ ತೆಗೆದು, ಒಂದು ಬೇಸಿಗೆ ಹಾಗೆಯೇ ಒಣಗಲು ಬಿಟ್ಟು, ನಂತರ ಸುಣ್ಣದ ಗಾರೆ ಮಾಡಬೇಕು.

ನೆಲದ ತೇವಕ್ಕೆ ಮೊದಲ ಮದ್ದು ಗೋಡೆಯಲ್ಲಿಲ್ಲ, ಅಂಗಳದಲ್ಲಿದೆ. ಮನೆಯ ಸುತ್ತ ಎರಡು ಮೂರು ಅಡಿ ಅಗಲದ ನೆಲವನ್ನು ಹೊರಕ್ಕೆ ಇಳಿಜಾರಾಗಿ ಬಡಿದು ಗಟ್ಟಿ ಮಾಡಬೇಕು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಕಟ್ಟಿ ದೂರ ಹಾಯಿಸಬೇಕು. ಬಚ್ಚಲ ನೀರನ್ನು ಕನಿಷ್ಠ 10 ಅಡಿ ಆಚೆ ಬಾಳೆ ಅಥವಾ ತೆಂಗಿಗೆ ಬಿಡಬೇಕು. ತಿಪ್ಪೆಯನ್ನೂ ಸೌದೆಯನ್ನೂ ಗೋಡೆಗೆ ಆನಿಸಿ ಹಾಕಬಾರದು. ಗೆದ್ದಲಿಗೆ ಅದು ಏಣಿಯಿಟ್ಟಂತೆ. ಹೊಸ ಮನೆ ಕಟ್ಟುವವರು ತಳಪಾಯದ ಮೇಲೆ, ಗೋಡೆ ಏಳುವ ಮುನ್ನ, ಒಂದೂವರೆ ಅಂಗುಲ ದಪ್ಪದ, ನೀರು ತಡೆಯುವ ಪುಡಿ ಬೆರೆಸಿದ ಕಾಂಕ್ರೀಟ್ ಪಟ್ಟಿಯನ್ನು ಹಾಕಿಸಲು ಮೇಸ್ತ್ರಿಗೆ ಬಿಡದೆ ಹೇಳಬೇಕು. ಆಗ ಉಳಿಸಿದ ಹಣಕ್ಕೆ ಹಲವು ಪಟ್ಟು ಮುಂದೆ ತೆರಬೇಕಾದೀತು.

ಆವಿ ನೀರಾಗುವ ಬಗೆ

ಬಿಸಿ ಗಾಳಿ ಹೆಚ್ಚು ಆವಿಯನ್ನು ಹಿಡಿಯಬಲ್ಲದು, ತಣ್ಣನೆಯ ಗಾಳಿ ಕಡಿಮೆ. 25 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿದರೆ, 15 ಡಿಗ್ರಿಯಲ್ಲಿ 13 ಗ್ರಾಂ ಮಾತ್ರ. ಡಿಸೆಂಬರ್ ರಾತ್ರಿ ಅಡಿಗೆಮನೆಯಿಂದ ಏರಿದ ಬೆಚ್ಚನೆಯ ತೇವದ ಗಾಳಿ, ಆಕಾಶಕ್ಕೆ ಬಿಸಿಯನ್ನು ಬಿಟ್ಟು ತಣ್ಣಗಾದ ತಗಡಿಗೆ ತಾಗಿದೊಡನೆ, ಹಿಡಿಯಲಾಗದ ನೀರನ್ನು ಅಲ್ಲಿಯೇ ಬಿಟ್ಟುಬಿಡುತ್ತದೆ. ಬೆಳಗಿನ ಜಾವ ತಗಡಿನಿಂದ ಚೀಲದ ಮೇಲೆ ತೊಟ್ಟಿಕ್ಕುವ ನೀರು ಇದು. ತಗಡು ತೂತಾಗಿದೆಯೆಂದು ಡಾಂಬರು ಮೆತ್ತಿದವರುಂಟು.

ಇದೇ ಲೆಕ್ಕವನ್ನು ರೈತರು ತಮ್ಮ ಅನುಕೂಲಕ್ಕೂ ತಿರುಗಿಸಿಕೊಳ್ಳಬಹುದು. ಜುಲೈ ತಿಂಗಳಲ್ಲಿ ಹೊರಗಿನ ಗಾಳಿ 22 ಡಿಗ್ರಿಯಲ್ಲಿ ನೂರಕ್ಕೆ 90 ಆರ್ದ್ರತೆಯಿಂದಿದ್ದರೂ, ಅಟ್ಟದೊಳಗೆ ಬಂದು 30 ಡಿಗ್ರಿಗೆ ಕಾದರೆ ಅದರ ಆರ್ದ್ರತೆ 60ಕ್ಕಿಂತ ಕೆಳಗಿಳಿಯುತ್ತದೆ. ಹಗಲಿನಲ್ಲಿ ಸ್ವಲ್ಪ ಬೆಚ್ಚಗಿರುವ, ಗಾಳಿಯಾಡುವ ಅಟ್ಟ ಹೀಗೆ ತಾನಾಗಿ ಒಣಗುತ್ತದೆ. ಹಳೆಯ ಒಲೆ ಮಾಡುತ್ತಿದ್ದ ಕೆಲಸವೂ ಇದೇ. ಆದ್ದರಿಂದ ಎದುರುಬದುರಿನ ಎರಡು ತ್ರಿಕೋನ ಗೋಡೆಗಳಲ್ಲಿಯೂ, ಆದಷ್ಟು ಎತ್ತರದಲ್ಲಿ, ಕಿಂಡಿ ಇಡುವುದು ಅವಶ್ಯಕ. ಅಟ್ಟದ ನೆಲದ ವಿಸ್ತೀರ್ಣದ 150ನೇ ಒಂದು ಪಾಲಿನಷ್ಟು ತೆರಪು ಸಾಕು. 300 ಚದರ ಅಡಿಯ ಅಟ್ಟಕ್ಕೆ ಒಂದೊಂದು ಚದರ ಅಡಿಯ ಎರಡು ಕಿಂಡಿಗಳು. ಕಾಲಂಗುಲ ಕಣ್ಣಿನ ತಂತಿಬಲೆ ಹೊಡೆದರೆ ಇಲಿ ಬಾರದು. ಬಲೆ ಗಾಳಿಯನ್ನು ಸ್ವಲ್ಪ ತಡೆಯುವುದರಿಂದ ಕಿಂಡಿಯನ್ನು ತುಸು ದೊಡ್ಡದಾಗಿಯೇ ಇಡಬೇಕು. ಕಿಂಡಿಗೆ ಮುಚ್ಚಳವಿರಲಿ. ಸುರಿಯುವ ಮಳೆಯಲ್ಲಿ, ಮಳೆಗಾಲದ ರಾತ್ರಿಗಳಲ್ಲಿ ಮುಚ್ಚಿ, ಹೊಳವಾದ ಹಗಲಿನಲ್ಲಿ ತೆರೆಯಬೇಕು. ಅಡಿಗೆಮನೆಯ ಆವಿ ಅಟ್ಟಕ್ಕೆ ಏರದೆ ನೇರವಾಗಿ ಹೊರಹೋಗುವಂತೆ ಒಲೆಯ ಮೇಲ್ಗಡೆ ಗೋಡೆಯಲ್ಲಿ ಬೇರೆ ಕಿಂಡಿ ಅಥವಾ ಸಣ್ಣ ಫ್ಯಾನು ಇಡಬೇಕು. ಅಟ್ಟದ ಏಣಿಬಾಯಿಗೂ ಹಲಗೆ ಮುಚ್ಚಳ ಬೇಕು.

ಇನ್ನು ಬಿಸಿಗೆ ತಡೆ

ಶಾಖವನ್ನು ತಡೆಯುವ ಶಕ್ತಿ ಹೊಟ್ಟಿನಲ್ಲಿಯಾಗಲಿ, ಹುಲ್ಲಿನಲ್ಲಿಯಾಗಲಿ, ಥರ್ಮೋಕೋಲಿನಲ್ಲಿಯಾಗಲಿ ಇರುವುದು ಅವುಗಳೊಳಗೆ ಸಿಕ್ಕಿಕೊಂಡ ನಿಶ್ಚಲ ಗಾಳಿಯಿಂದ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಹೊಟ್ಟು ನೆನೆದರೆ ಗಾಳಿಯಿದ್ದ ಜಾಗದಲ್ಲಿ ನೀರು ಕೂರುತ್ತದೆ. ಆಗ ಅದು ತಡೆಯಲ್ಲ, ಬಿಸಿಯ ಸೇತುವೆ. ಜೊತೆಗೆ ಬೂಷ್ಟಿನ ಹಾಸಿಗೆ. ತೇವದ ಕೆಲಸ ಮೊದಲು ಮುಗಿಯಬೇಕೆಂದು ಆರಂಭದಲ್ಲಿ ಹೇಳಿದ್ದು ಈ ಕಾರಣಕ್ಕೆ.

ಎಲ್ಲಕ್ಕಿಂತ ಅಗ್ಗದ ಉಪಾಯ ಸುಣ್ಣ. ಹೊಸದಾಗಿ ಬಳಿದ ಬಿಳಿಯ ಸುಣ್ಣ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಹೊಡೆಯುತ್ತದೆ. ಅಂಟು ಬೆರೆಸಿದ ಸುಣ್ಣವನ್ನು ಶಿವರಾತ್ರಿ ಕಳೆದೊಡನೆ ತಾರಸಿಗೆ, ತಗಡಿಗೆ, ಅಟ್ಟದ ಪಶ್ಚಿಮದ ಗೋಡೆಯ ಹೊರಮೈಗೆ ಎರಡು ಸಲ ಬಳಿದರೆ ಬೇಸಿಗೆಯ ಬಹುಭಾಗ ಕಳೆಯುತ್ತದೆ. ಮಳೆಗೆ ತೊಳೆದುಹೋಗುವುದರಿಂದ ವರ್ಷವೂ ಬಳಿಯಬೇಕು, ಅಷ್ಟೆ.

ಪಶ್ಚಿಮದ ಗೋಡೆಯನ್ನು ಪ್ರತ್ಯೇಕವಾಗಿ ಹೇಳಲು ಕಾರಣವಿದೆ. 9 ಅಂಗುಲದ ಇಟ್ಟಿಗೆ ಗೋಡೆಯನ್ನು ಶಾಖ ದಾಟಲು ಸುಮಾರು 6ರಿಂದ 7 ಗಂಟೆ ಬೇಕು. ಮಧ್ಯಾಹ್ನ 3ಕ್ಕೆ ಹೊಡೆದ ಬಿಸಿಲು ರಾತ್ರಿ 9, 10 ಗಂಟೆಗೆ ಒಳಮೈಗೆ ಬರುತ್ತದೆ. ರಾತ್ರಿಯೂ ಅಟ್ಟ ತಣಿಯದಿರುವುದು ಇದರಿಂದ. ಈ ಗೋಡೆಯ ಹೊರಗೆ ಒಂದು ಅಡಿ ಬಿಟ್ಟು ಜೋಳದ ದಂಟಿನ ತಡಿಕೆ ಕಟ್ಟಿದರೆ, ಅಥವಾ ಸ್ವಲ್ಪ ದೂರದಲ್ಲಿ ನುಗ್ಗೆ, ಹೊಂಗೆ ಬೆಳೆಸಿದರೆ ಬಿಸಿಲು ಗೋಡೆಯನ್ನು ಮುಟ್ಟುವುದೇ ಇಲ್ಲ. ಒಳಗಿನಿಂದ ತಡೆಯುವುದಕ್ಕಿಂತ ಹೊರಗೆ ನೆರಳು ಮಾಡುವುದು ಯಾವಾಗಲೂ ಮೇಲು.

ಹೆಂಚಿನ ಮನೆಯಲ್ಲಿ ಪಕಾಸಿಗಳ ಕೆಳಮೈಗೆ ಬಿದಿರು ತಟ್ಟಿ ಹೊಡೆದು, ಹೆಂಚಿಗೂ ತಟ್ಟಿಗೂ ನಡುವೆ ಎರಡು ಮೂರು ಅಂಗುಲ ಗಾಳಿಯ ಸಂದು ಉಳಿಸಬೇಕು. ಸಂದು ಸೂರಿನಲ್ಲಿಯೂ ನೆತ್ತಿಯಲ್ಲಿಯೂ ತೆರೆದಿದ್ದರೆ ಕಾದ ಗಾಳಿ ತಾನೇ ಹರಿದುಹೋಗುತ್ತದೆ. ತಟ್ಟಿಯ ಕೆಳಮೈಗೆ ಹೊಟ್ಟು ಕಲಸಿದ ಮಣ್ಣಿನ ತೆಳು ಲೇಪ ಕೊಟ್ಟರೆ ಧೂಳೂ ಬೀಳದು.

ತಗಡಿನ ಮನೆಗೆ ಇದು ಸಾಲದು. ಅಲ್ಲಿ ತಡೆಯ ಹಲಗೆ ತಗಡಿನ ಒಳಮೈಗೆ ಅಂಟಿಕೊಂಡೇ ಇರಬೇಕು. ನಡುವೆ ಸಂದು ಬಿಟ್ಟರೆ ಒಳಗಿನ ಆವಿ ಅಲ್ಲಿ ನುಸುಳಿ ತಣ್ಣನೆಯ ತಗಡಿನ ಮೇಲೆ ನೀರಾಗುತ್ತದೆ. ಎರಡು ಅಂಗುಲದ ಗಟ್ಟಿ ಥರ್ಮೋಕೋಲ್ ನೀರು ಹೀರುವುದು ಕಡಿಮೆಯಾದ್ದರಿಂದ ಇಲ್ಲಿಗೆ ಹೊಂದುತ್ತದೆ. ಅದನ್ನು ಬರಿದಾಗಿ ಬಿಟ್ಟರೆ ಇಲಿ ಗೂಡು ಮಾಡುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಕೋಳಿಬಲೆ ಹೊಡೆದು ತೆಳ್ಳಗೆ ಗಿಲಾವು ಮಾಡುವುದು ಕಡ್ಡಾಯ. ಕಲ್ನಾರಿನ ಹಳೆಯ ಶೀಟುಗಳಿರುವ ಮನೆಯವರು ಅವುಗಳನ್ನು ಕೊಯ್ಯಬಾರದು, ಕೊರೆಯಬಾರದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಹರಿಹರ, ದಾವಣಗೆರೆ ಸುತ್ತಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಯಥೇಚ್ಛವಾಗಿ ದೊರೆಯುತ್ತದೆ. ಅದನ್ನು ಗೋಡೆಯ ಒಳಪದರದಲ್ಲಿ ತುಂಬಬಹುದೇ ಎಂಬ ಪ್ರಶ್ನೆ ಸಹಜ. ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ, ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ನುಚ್ಚು, ತೌಡು ಉಳಿದಿದ್ದರೆ ಹುಳುವೂ ಇಲಿಯೂ ಬರುತ್ತವೆ. ಕಿಡಿ ತಾಗಿದರೆ ಜ್ವಾಲೆಯಿಲ್ಲದೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ. ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ, ಪುಡಿಸುಣ್ಣ ಬೆರೆಸಿ, ಎರಡು ಇಟ್ಟಿಗೆ ಗೋಡೆಗಳ ನಡುವಿನ ಮುಚ್ಚಿದ ಸಂದಿನಲ್ಲಿ ತುಂಬುವುದಾದರೆ ಸರಿ. ವಿದ್ಯುತ್ ತಂತಿ ಹಾದಿರುವ ಗೋಡೆಗೆ ಬೇಡವೇ ಬೇಡ. ಸಾಮಾನ್ಯ ಮನೆಗೆ ಹೊಟ್ಟನ್ನು ಮಣ್ಣಿನಲ್ಲಿ ಕಲಸಿ ಒಂದೂವರೆ ಅಂಗುಲ ಗಿಲಾವು ಮಾಡುವುದೇ ಕ್ಷೇಮ.

ನಗರದಲ್ಲಿ ಹೊಸ ಮನೆ ಕಟ್ಟುವ ಕೆಲವರು ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲೆ ಹಲಗೆ ಹೊಡೆಸುವುದುಂಟು. ಇದು ಶೀತದೇಶಗಳ ಪದ್ಧತಿ. ಅಲ್ಲಿ ಚಳಿಗಾಲವಿಡೀ ಬಿಸಿ ಒಳಗೆ, ಚಳಿ ಹೊರಗೆ; ಆವಿಯ ಪಯಣ ಒಂದೇ ದಿಕ್ಕಿಗೆ. ಇಲ್ಲಿ ಹಗಲು ಒಂದು ದಿಕ್ಕು, ರಾತ್ರಿ ಇನ್ನೊಂದು. ಹಾಳೆಯ ಹಿಂದೆ ಸಿಕ್ಕಿದ ತೇವಕ್ಕೆ ಬಿಡುಗಡೆಯಿಲ್ಲ. ಗೋಡೆ ಎರಡೂ ಕಡೆಗೆ ಉಸಿರಾಡುವಂತಿರುವುದೇ ಈ ಸೀಮೆಗೆ ತಕ್ಕುದು.

ಕಾಳನ್ನು ಅಟ್ಟಕ್ಕೇರಿಸುವ ಮುನ್ನ

ಮನೆ ಎಷ್ಟೇ ಸರಿಯಿದ್ದರೂ ಹಸಿ ಕಾಳು ಏರಿಸಿದರೆ ಎಲ್ಲ ಶ್ರಮ ನೀರುಪಾಲು. ತೇವಮಾಪಕ ದೊರೆಯದಿದ್ದಾಗ ಉಪ್ಪಿನ ಪರೀಕ್ಷೆ ಮಾಡಬಹುದು. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಕಾಲುಭಾಗ ಕಾಳು, ಎರಡು ಮೂರು ಚಮಚ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ, ಬಿರಡೆ ಬಿಗಿದು, ಕೆಲವು ನಿಮಿಷ ಕುಲುಕಿ, ಕಾಲು ಗಂಟೆ ಇಡಬೇಕು. ಉಪ್ಪು ಸೀಸೆಯ ಗೋಡೆಗೆ ಮೆತ್ತಿಕೊಂಡರೆ ತೇವ ನೂರಕ್ಕೆ 15ಕ್ಕಿಂತ ಹೆಚ್ಚಿದೆ ಎಂದರ್ಥ. ಮೆತ್ತದಿದ್ದರೆ 15ಕ್ಕಿಂತ ಕಡಿಮೆ. ಆಗಲೂ ಮೆಕ್ಕೆಜೋಳಕ್ಕೆ ಇನ್ನೆರಡು ಬಿಸಿಲು ಬೇಕು; 12ಕ್ಕೆ ಇಳಿಸುವುದು ಗುರಿ. ಬಿತ್ತನೆ ಭತ್ತಕ್ಕೆ 13 ಮೀರಬಾರದು. ಬಿಸಿಲಿನಿಂದ ತಂದ ಕಾಳನ್ನು ಬಿಸಿಯಾಗಿರುವಾಗಲೇ ಚೀಲಕ್ಕೆ ತುಂಬದೆ, ನೆರಳಿನಲ್ಲಿ ಆರಿಸಿ ತುಂಬಬೇಕು.

ಚೀಲಗಳನ್ನು ಹಲಗೆಯ ಮೇಲೆ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಪೇರಿಸಬೇಕು. ಗೋಡೆಗೆ ಆನಿಸಿದ ಚೀಲ ಗೋಡೆಯನ್ನೂ ಕೆಡಿಸುತ್ತದೆ, ತಾನೂ ಕೆಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಒಳಪದರದ ಚೀಲಗಳು ಈಗ ಪೇಟೆಯಲ್ಲಿವೆ. ಒಣಗಿದ ಕಾಳಿಗೆ ಅವು ಉತ್ತಮ, ಹುಳು ಉಸಿರುಗಟ್ಟಿ ಸಾಯುತ್ತದೆ. ಹಸಿ ಕಾಳನ್ನು ಅದರಲ್ಲಿ ಕಟ್ಟಿದರೆ ಕೊಳೆಯುವುದು ಖಂಡಿತ. ಬಿತ್ತನೆ ಕಾಳನ್ನು ಮಾತ್ರ ಮಾರ್ಚ್ ಕೊನೆಯಲ್ಲಿ ಅಟ್ಟದಿಂದ ಇಳಿಸಿ, ಮನೆಯ ತಣ್ಣನೆಯ ನಡುಮನೆಯಲ್ಲಿ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡುವುದು ಲೇಸು. ಸಂಕರಣ ಮೆಕ್ಕೆಜೋಳಕ್ಕೆ ಈ ಮಾತು ಅನ್ವಯಿಸದು. ಅದರ ಬೀಜವನ್ನು ವರ್ಷ ವರ್ಷ ಹೊಸದಾಗಿ ಕೊಳ್ಳಬೇಕು.

ಅಟ್ಟ ಬೀಜವನ್ನು ಹೇಗೆ ಕಾಪಾಡಿತೆಂಬುದನ್ನು ಬಿತ್ತನೆಗೆ ಮೂರು ವಾರ ಮುಂಚೆ ತಿಳಿದುಕೊಳ್ಳಬಹುದು. ಚೀಲದ ಮೇಲೆ, ನಡುವೆ, ತಳದಿಂದ ಕಲಸಿ ತೆಗೆದ 100 ಕಾಳನ್ನು ಒದ್ದೆ ಮಾಡಿ ಹಿಂಡಿದ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಿನಲ್ಲಿ ತೇವ ಆರದಂತೆ ಇಡಬೇಕು. ಜೋಳವನ್ನು 10ನೇ ದಿನ, ಭತ್ತವನ್ನು 14ನೇ ದಿನ ಬಿಚ್ಚಿ, ಬೇರೂ ಕುಡಿಯೂ ನೆಟ್ಟಗಿರುವ ಸಸಿಗಳನ್ನು ಮಾತ್ರ ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ಗೊತ್ತುಮಾಡಿರುವ ಮಟ್ಟ ಭತ್ತಕ್ಕೆ 80, ಜೋಳಕ್ಕೆ 75. ಸ್ವಲ್ಪ ಕಡಿಮೆ ಬಂದರೆ ಅದೇ ಪ್ರಮಾಣದಲ್ಲಿ ಬಿತ್ತನೆ ಕಾಳನ್ನು ಹೆಚ್ಚಿಸಿದರಾಯಿತು. 60ಕ್ಕಿಂತ ಕೆಳಗಿಳಿದಿದ್ದರೆ ಅದನ್ನು ಬಿತ್ತದೆ, ಬೇರೆ ಬೀಜ ತರಲು ಇನ್ನೂ ಒಂದು ವಾರ ಕೈಯಲ್ಲಿ ಉಳಿದಿರುತ್ತದೆ.